ಕಣ್ಣಿಗೇನೂ ಆಗಿಲ್ಲವಂತೆ

ನನ್ನ ಮಗಳಿಗೆ ಕಣ್ಣು ಕಾಣಿಸದಂತಾದದ್ದು ಒಂದು ಸೋಮವಾರ ಬೆಳಿಗ್ಗೆ, ಹಲ್ಲುಜ್ಜುವ ಹೊತ್ತಿನಲ್ಲಿ. ಒಂಬತ್ತು ವರ್ಷದ ಹುಡುಗಿ, ನಾಲ್ಕನೇ ಇಯತ್ತೆ. ಬಚ್ಚಲ ಬಾಗಿಲಲ್ಲಿ ಬ್ರಶ್ ಹಿಡಿದು ನಿಂತು, "ಅವ್ವಾ, ಇನ್ನೂ ಬೆಳಕ ಹರದಿಲ್ಲೇನ?" ಎಂದಳು. ಹೊರಗೆ ಬಿಸಿಲು ಬಂದು ಎಷ್ಟೋ ಹೊತ್ತಾಗಿತ್ತು. ಸಾಲೆ ತಪ್ಪಿಸಲು ಹೊಸ ನೆಪ ಹುಡುಕಿದ್ದಾಳೆ ಎಂದು ನನಗೆ ಸಿಟ್ಟು ನೆತ್ತಿಗೇರಿತು. "ಹರದೈತಿ, ಮೊದಲ ಬಾಯಿ ತೊಳಕೊ" ಎಂದು ಗದರಿಸಿದೆ. ಅವಳು ನಲ್ಲಿಯನ್ನು ಹುಡುಕುತ್ತ ಗೋಡೆಯನ್ನೆಲ್ಲ ತಡವತೊಡಗಿದಳು. ಆಗ ನನ್ನ ಕೈಯಲ್ಲಿದ್ದ ಹಾಲಿನ ಬೋಗುಣಿ ಕೆಳಗೆ ಬಿತ್ತು.

ಇದರ ಹಿಂದಿನ ದಿನ ಏನಾಗಿತ್ತು ಎಂಬುದನ್ನು ಹೇಳಬೇಕು. ಹೇಳಲು ನಾಚಿಕೆಯಾಗುತ್ತದೆ, ಆದರೂ ಹೇಳುತ್ತೇನೆ.

ಮೂಡಲಗಿಯ ನಮ್ಮ ಮನೆ ಹೊರಗಿನಿಂದ ನೋಡಿದರೆ ಒಂದು, ಒಳಗೆ ಎರಡು. ಎರಡು ವರ್ಷದ ಹಿಂದೆ ನನ್ನ ಗಂಡ ಮತ್ತು ಅವರ ತಮ್ಮ ಬೇರೆಯಾದಾಗ ಪಡಸಾಲೆಯ ನಡುವೆ ಇಟ್ಟಂಗಿ ಗೋಡೆ ಎದ್ದಿತು. ದೇವರ ಜಗುಲಿ ಆ ಕಡೆ ಉಳಿಯಿತು, ಬೋರಿನ ನಲ್ಲಿ ಈ ಕಡೆ. ದೇವರಿಲ್ಲದೆ ನಮಗೆ ನಡೆಯದು, ನೀರಿಲ್ಲದೆ ಅವರಿಗೆ ನಡೆಯದು. ಹಾಗಾಗಿ ಗೋಡೆಯಲ್ಲಿ ಒಂದು ಬಾಗಿಲು ಬಿಟ್ಟರು. "ಬಾಗಲಾ ಬಿಡೂದಿದ್ರ ಗ್ವಾಡಿ ಯಾಕ್ರಿ?" ಎಂದು ಗೌಂಡಿ ಕೇಳಿದ.

ಜಗಳದ ಮೂಲ ನನ್ನ ಮಿಕ್ಸರಿನ ಸಣ್ಣ ಜಾರು. ನನ್ನ ನೆಗೆಣ್ಣಿ, ಅಂದರೆ ಮೈದುನನ ಹೆಂಡತಿ, ಅದರಲ್ಲಿ ಚಟ್ನಿಗೆಂದು ಶೇಂಗಾ ಹಿಂಡಿ ಮಾಡಲು ಹೋಗಿ ಒಡೆದಳು, ಒಡೆದದ್ದನ್ನು ತೊಳೆದು ಮೊದಲಿದ್ದ ಜಾಗದಲ್ಲೇ ಇಟ್ಟಳು. ಬಾಯಲ್ಲಿ ಹೇಳುವಾಗ ಇದು ದೊಡ್ಡ ಅನ್ಯಾಯದಂತೆ ಕೇಳಿಸುತ್ತಿತ್ತು. ಈಗ ಬರೆಯುವಾಗ ನನಗೇ ಮುಖ ಮುಚ್ಚಿಕೊಳ್ಳಬೇಕು ಅನಿಸುತ್ತದೆ. ಅತ್ತೆ ಕಿರಿಯ ಮಗನ ಕಡೆಗೆ ಹೋದರು. ನಾವು ನೆಗೆಣ್ಣಿಯರು ಮಾತು ಬಿಟ್ಟೆವು.

ಮಾತು ಬಿಟ್ಟರೇನು, ಕುತೂಹಲ ಬಿಡುತ್ತದೆಯೇ? ನಾನು ಮನೆಯಲ್ಲೇ ಮಶೀನ್ ಇಟ್ಟುಕೊಂಡು ಜಂಪರ್ ಹೊಲಿಯುವವಳು. ದಿನವಿಡೀ ಒಂದೇ ಕಡೆ ಕೂತವಳಿಗೆ ಗೋಡೆಯಾಚೆ ಏನು ಕೊತಕೊತ ಕುದಿಯುತ್ತಿದೆ ಎಂದು ತಿಳಿಯದಿದ್ದರೆ ಹೊಲಿಗೆ ನೆಟ್ಟಗೆ ಬೀಳುತ್ತಿರಲಿಲ್ಲ. ಆ ಬಾಗಿಲಲ್ಲಿ ಧಾರಾಳವಾಗಿ ಓಡಾಡುತ್ತಿದ್ದದ್ದು ನನ್ನ ಮಗಳು ಒಬ್ಬಳೇ. ನನ್ನ ನೆಗೆಣ್ಣಿ ಅವಳಿಗೆ ಕಾಕು, ಕಾಕು ಎಂದರೆ ಪ್ರಾಣ. ಜಡೆ ಹಾಕಿಸಿಕೊಳ್ಳುವುದು ಕಾಕುವಿನ ಹತ್ತಿರವೇ, ಎರಡೂ ಜಡೆಗೆ ರಿಬ್ಬನ್ ಕಟ್ಟಿಸಿಕೊಂಡು ಅವಳು ಈಚೆ ಬಂದ ಕೂಡಲೇ ನಾನು ಮಶೀನ್ ನಿಲ್ಲಿಸಿ ಕೇಳುವುದು:

"ಆ ಮನ್ಯಾಗ ಏನ್ ಮಾಡ್ಯಾರ? ಆಯಿ ಏನ್ ಉಂಡ್ಲು? ಯಾರ್ ಬಂದಿದ್ರು? ನೋಡಿದಿಲ್ಲೋ?"

ಆಯಿ ಎಂದರೆ ನನ್ನ ಅತ್ತೆ. ಹುಡುಗಿ ಕಂಡದ್ದನ್ನು ಕಂಡಷ್ಟೇ ಹೇಳುತ್ತಿದ್ದಳು. ಅದಕ್ಕೆ ಉಪ್ಪು ಖಾರ ಹಾಕುವುದು ನನ್ನ ಕೆಲಸವಾಗಿತ್ತು.

ಆ ಭಾನುವಾರ ಹಿರಿಯರನ್ನು ಕೂಡಿಸಿದ್ದೆವು. ಘೋಡಗೇರಿಯಿಂದ ನನ್ನ ಅಣ್ಣ, ಸಂಕೇಶ್ವರದಿಂದ ನೆಗೆಣ್ಣಿಯ ಅಪ್ಪ, ಮತ್ತೆ ಅತ್ತೆಯ ತಮ್ಮ. ಈ ಕೊನೆಯವರನ್ನು ಊರೆಲ್ಲ ಮಾವ ಎನ್ನುತ್ತದೆ, ಎಲ್ಲರ ಜಗಳದಲ್ಲೂ ಮುಂದೆ ಕೂರುವ ಮನುಷ್ಯ. ಪಕ್ಷಪಾತ ಆಗಬಾರದೆಂದು ಮೂವರೂ ಎರಡು ಒಲೆಯ ಚಹಾ ಕುಡಿದರು, ಎರಡು ಒಲೆಯ ಭಜಿ ತಿಂದರು, ತಿಂದು ತೇಗಿ ಕೂತರು. ತೀರ್ಮಾನ ಆಗಬೇಕಾದ ಮಾತು ಒಂದೇ: ಅತ್ತೆ ಯಾರ ಒಲೆಯಲ್ಲಿ ಉಣ್ಣಬೇಕು. ಖರೆ ಹೇಳುತ್ತೇನೆ, ಅತ್ತೆ ನನಗೆ ಬೇಕಾಗಿರಲಿಲ್ಲ. ಗೆಲ್ಲಬೇಕಾಗಿತ್ತು.

ಗೆಲ್ಲುವುದಕ್ಕೆಂದು ನಾನು ಎದ್ದು ನಿಂತು ಅಂದೆ: "ಆಕಿ ಅತ್ತಿಗೆ ತಂಗಳ ರೊಟ್ಟಿ ತಿನ್ನಸ್ತಾಳ್ರಿ. ನನ್ನ ಮಗಳ ಕಣ್ಣಾರೆ ನೋಡ್ಯಾಳ."

ಹುಡುಗಿ ನನಗೆ ಹೇಳಿದ್ದು, ಆಯಿ ಕಟಕ ರೊಟ್ಟಿ ಮೊಸರು ತಿಂತಿದ್ದಳು, ಇಷ್ಟೇ. ಕಟಕ ರೊಟ್ಟಿ ಎಂದರೆ ಒಲೆಯ ಬದಿಗೆ ನಿಲ್ಲಿಸಿ ಒಣಗಿಸಿದ ರೊಟ್ಟಿ, ತಿಂಗಳಾದರೂ ಕೆಡುವುದಿಲ್ಲ, ಅದನ್ನು ಕಟಕಟ ಕಡಿಯುವುದೇ ನನ್ನ ಅತ್ತೆಗೆ ಹಬ್ಬ. ಇದು ನನಗೆ ಚೆನ್ನಾಗಿ ಗೊತ್ತಿತ್ತು. ಅಲ್ಲಿ ಕೂತ ಎಲ್ಲರಿಗೂ ಗೊತ್ತಿತ್ತು. ಆದರೂ ಮಾವನಿಗೆ ಸಾಕ್ಷಿ ಬೇಕಾಯಿತು. ಓಣಿಯಲ್ಲಿ ಕುಂಟಾಬಿಲ್ಲೆ ಆಡುತ್ತಿದ್ದ ಹುಡುಗಿಯನ್ನು ಕರೆಸಿ ಜಗುಲಿಯ ಮುಂದೆ ನಿಲ್ಲಿಸಿದರು.

"ದೇವರ ಮುಂದ ಹೇಳವಾ. ನೋಡಿದಿಲ್ಲೋ? ಸುಳ್ಳ ಹೇಳಿದ್ರ ಕಣ್ಣ ಹೋಗ್ತಾವ ಮತ್ತ."

ಅವಳು ನನ್ನ ಕಡೆ ನೋಡಿದಳು. ಕಾಕುವಿನ ಕಡೆ ನೋಡಿದಳು. ನಾನು ಕಣ್ಣು ದೊಡ್ಡದು ಮಾಡಿದೆ. "ಹೂಂ" ಎಂದಳು. ಮಾವ ತಲೆಯಾಡಿಸಿ, ಮುಂದಿನ ತಿಂಗಳು ಮತ್ತೆ ಕೂಡೋಣ ಎಂದು ಎದ್ದರು. ಅಷ್ಟಕ್ಕೇ ಹುಡುಗಿಯನ್ನು ಆಣೆಗೆ ನಿಲ್ಲಿಸಿದ್ದು.

ಓದುವವರಿಗೆ ಈಗಾಗಲೇ ಎಲ್ಲ ತಿಳಿದಿರಬೇಕು. ನನಗೆ ಮಾತ್ರ ಮೂರು ವಾರ ಬೇಕಾಯಿತು. ಇನ್ನೊಬ್ಬರ ಮನೆಯ ಸುದ್ದಿಯಾಗಿದ್ದರೆ ಮೂರು ನಿಮಿಷದಲ್ಲಿ ಹೇಳುತ್ತಿದ್ದೆ.

ಮೊದಲ ವಾರ ಊರಿಗೆ ಊರೇ ವೈದ್ಯಕೀಯ ಓದಿಬಿಟ್ಟಿತು. ಜಂಪರ್ ಅಳತೆ ಕೊಡಲು ಬಂದವಳು ಗಜ್ಜರಿ ತಿನ್ನಿಸು ಎಂದಳು. ಹೊಲಿಯಲು ಕೊಟ್ಟಿದ್ದ ಜಂಪರ್ ಒಯ್ಯಲು ಬಂದವಳು ಮೊಬೈಲ್ ಕಸಿದುಕೋ ಎಂದಳು. ನಮ್ಮ ಹುಡುಗಿಗೆ ಮೊಬೈಲೇ ಇಲ್ಲ ಅಂದರೆ, "ಹಂಗಾರ ನಿಂದ ನೋಡಿರತಾಳ" ಎಂದಳು. ಹುಕ್ಕೇರಿಯ ಕಡೆ ಯಾರೋ ಕಣ್ಣಿಗೆ ಊದುತ್ತಾರಂತೆ ಎಂದು ನನ್ನ ಗಂಡ ಮೋಟರ್‌ಸೈಕಲ್ ಮೇಲೆ ಕೂರಿಸಿಕೊಂಡು ಹೋದರು. ಊದುವವನ ಬಾಯಿಂದ ಎಲೆಅಡಿಕೆಯ ತುಂತುರು ಹುಡುಗಿಯ ಮುಖದ ಮೇಲೆಲ್ಲ ಬಿದ್ದು, ಇವರು ಅವನ ಕೊರಳಪಟ್ಟಿ ಹಿಡಿದು ಜಗಳಾಡಿ ಬಂದರು. ಹುಡುಗಿಗೆ ಕಣ್ಣು ಬರಲಿಲ್ಲ, ನನ್ನ ಗಂಡನ ಬಗ್ಗೆ ನನಗೆ ಗೌರವ ಸ್ವಲ್ಪ ಬಂತು.

ನನ್ನ ಅತ್ತೆ ಬಾಗಿಲ ಆಚೆ ನಿಂತು, ಯಾರಿಗೂ ಕೇಳಿಸದಂತೆ ಪಿಸುಗುಟ್ಟಿದರು: "ಆಡಿನ ಕಾಳಜ ತಿಂದ್ರ ಕಣ್ಣ ಬರ್ತಾವಂತ. ಔಷಧಕ್ಕ ಅಂದ್ರ ನಡೀತೈತಿ." ಕಾಳಜ ಎಂದರೆ ಯಕೃತ್ತು. ಕೊರಳಲ್ಲಿ ಲಿಂಗ, ಹಣೆ ತುಂಬ ವಿಭೂತಿ, ಸೋಮವಾರ ಉಳ್ಳಾಗಡ್ಡಿ ಮುಟ್ಟಿದರೂ ಕೈ ತೊಳೆಯುವ ಮುದುಕಿ! ಮೊಮ್ಮಗಳಿಗಾಗಿ ಅವರು ಎಲ್ಲಿಯವರೆಗೆ ಇಳಿದು ಬಂದರು ಎಂದು ನನಗೆ ಅಯ್ಯೋ ಅನಿಸಿತು. ಆದರೆ ಹಾಗೆಂದು ಹೇಳಲಿಲ್ಲ. ಗೋಡೆ ಇತ್ತಲ್ಲ.

ಎರಡನೇ ವಾರ ಗೋಕಾಕಿಗೆ, ಕಣ್ಣಿನ ಡಾಕ್ಟರರ ಹತ್ತಿರ ಹೋದೆವು. ವಯಸ್ಸಾದ ಹೆಂಗಸು, ಮಾತು ಕಡಿಮೆ. ಕಣ್ಣಿಗೆ ಹನಿ ಹಾಕಿ ಒಳಗೆಲ್ಲ ನೋಡಿದರು. ಆಮೇಲೆ ಗೋಡೆಗೆ ತೂಗುಹಾಕಿದ್ದ ದೊಡ್ಡ ಕನ್ನಡಿಯನ್ನು ತೆಗೆದು ಹುಡುಗಿಯ ಮುಖದ ಮುಂದೆ ಹಿಡಿದು ಅತ್ತ ಇತ್ತ ವಾಲಿಸಿದರು. ಹುಡುಗಿಯ ಕಣ್ಣುಗುಡ್ಡೆ ಕನ್ನಡಿಯ ಜೊತೆಗೇ ಅತ್ತ ಇತ್ತ ಹೋಯಿತು. ಅವಳನ್ನು ಹೊರಗೆ ನರ್ಸಿನ ಹತ್ತಿರ ಕೂರಿಸಿ ಡಾಕ್ಟರರು ನಮ್ಮಿಬ್ಬರನ್ನು ಕರೆದರು.

"ಕಣ್ಣಿಗೇನೂ ಆಗಿಲ್ರಿ. ಕಣ್ಣ ಚೊಲೋ ಅದಾವ, ನರ ಚೊಲೋ ಅದಾವ."

"ಹಂಗಾರ ನಾಟಕ ಮಾಡಾಕತ್ತಾಳ!" ಎಂದೆ ನಾನು. ಬಾಯಿಂದ ಮೊದಲು ಬಂದದ್ದೇ ಅದು.

"ನಾಟಕ ಅಲ್ಲ ತಾಯಿ. ನಾಟಕ ಮಾಡೋ ಹುಡುಗೂರ್ನ ನಾ ನೋಡೀನಿ. ಆಕಿಗೆ ಖರೇನ ಕಾಣ್ಸೂದಿಲ್ಲ. ಕಣ್ಣ ನೋಡತಾವ, ಮನಸ ಒಲ್ಲೆ ಅಂತೈತಿ. ಆಕಿಗೂ ಅದು ಗೊತ್ತಿಲ್ಲ. ಸಣ್ಣ ಹುಡುಗೂರಿಗೆ ಭಾರ ತಡಿಲಾರದಂಗ ಆದ್ರ ಹಿಂಗ ಆಗ್ತೈತಿ. ಮನಿಯಾಗ ಏನರ ಆಗೈತೇನ್ರಿ?"

"ಏನೂ ಇಲ್ರಿ" ಎಂದೆವು ಗಂಡ ಹೆಂಡತಿ ಇಬ್ಬರೂ, ಒಂದೇ ಬಾಯಿಯಿಂದ. ಮದುವೆಯಾಗಿ ಹನ್ನೆರಡು ವರ್ಷದಲ್ಲಿ ನಾವು ಅಷ್ಟು ಒಗ್ಗಟ್ಟಾಗಿ ಮಾತಾಡಿದ್ದು ಅದೇ ಮೊದಲು.

ಡಾಕ್ಟರರು ಕನ್ನಡಕ ಸರಿಪಡಿಸಿಕೊಂಡು ನನ್ನನ್ನೇ ನೋಡಿದರು. "ಬರ್ತಾವ. ತಾವ ಬರ್ತಾವ. ಆದ್ರ ಕಾಣ್ತೈತೇನ ಕಾಣ್ತೈತೇನ ಅಂತ ತಿರತಿರಗಿ ಕೇಳಬ್ಯಾಡ್ರಿ. ಬಡೀಬ್ಯಾಡ್ರಿ. ಭಾರ ಯಾವುದು ಅಂತ ಹುಡುಕ್ರಿ. ಹಂಗ ಬಿಟ್ರ ಭಾಳ ದಿನಾ ಉಳದ್ರೂ ಉಳೀತೈತಿ." ನನ್ನ ಗಂಡ ಬಸ್‌ ಸ್ಟ್ಯಾಂಡಿನಲ್ಲಿ ಅರ್ಧ ಕಿಲೋ ಕರದಂಟು ಕಟ್ಟಿಸಿದರು, ಹುಡುಗಿ ಪರೀಕ್ಷೆಯಲ್ಲಿ ಪಾಸಾದಳು ಎಂಬಂತೆ. ದಾರಿಯುದ್ದಕ್ಕೂ ನನ್ನ ತಲೆಯಲ್ಲಿ ಒಂದೇ ಮಾತು ತಿರುಗುತ್ತಿತ್ತು: ಕಣ್ಣು ಕನ್ನಡಿಯ ಜೊತೆ ಹೋಯಿತು, ಅಂದರೆ ಕಾಣುತ್ತದೆ.

ನಾನು ಡಾಕ್ಟರರ ಮಾತನ್ನು ನಂಬುವ ಜಾತಿಯವಳಲ್ಲ. ಮರುದಿನ ನಡುಮನೆಯಲ್ಲಿ ಅವಳು ನಡೆಯುವ ದಾರಿಗೆ ಅಡ್ಡವಾಗಿ, ಸದ್ದು ಮಾಡದೆ, ಒಂದು ತುಂಬಿದ ಕೊಡ ಇಟ್ಟೆ. ಹುಡುಗಿ ಕೈ ಮುಂದೆ ಚಾಚಿ ಬಂದಳು. ಕೊಡದ ಹತ್ತಿರ ಬಂದಾಗ ಸ್ವಲ್ಪ ಬಲಕ್ಕೆ ಸರಿದು, ಅದನ್ನು ದಾಟಿ ಹೋದಳು. ನಾನು ಹಿಂದಿನಿಂದ ಹೋಗಿ ರಟ್ಟೆ ಹಿಡಿದು ಕಪಾಳಕ್ಕೆ ಬಾರಿಸಿದೆ.

"ಕಾಣ್ಸೂದಿಲ್ಲಂದ್ರ ಕೊಡಾ ಹೆಂಗ ದಾಟಿದಿ? ಹೇಳ್! ಯಾರ ಮುಂದ ಆಡ್ತಿ ಈ ಆಟ?"

ಅವಳು ಕೆನ್ನೆ ಹಿಡಿದುಕೊಂಡು ನಿಂತಳು. ಅಳು ಆಮೇಲೆ ಬಂತು, ಮೊದಲು ಬಂದದ್ದು ಗಾಬರಿ. "ಕೊಡಾ ಎಲ್ಲಿತ್ತವ್ವ? ನಂಗ ಗೊತ್ತಿಲ್ಲ. ಕಾಲಿಗೆ ಗೊತ್ತಾಗಿರಬೇಕ" ಎಂದಳು.

ಆ ಮುಖ ನೋಡಿದವಳಿಗೆ ಅದು ನಾಟಕ ಅನಿಸಲು ಸಾಧ್ಯವೇ ಇಲ್ಲ. ನನ್ನ ಕೈ ಸೇದಿ ಹೋಗಲಿ ಎಂದುಕೊಂಡೆ. ಅವಳನ್ನು ತೊಡೆಯ ಮೇಲೆ ಎಳೆದುಕೊಂಡು ಕೂತೆ, ಒಂಬತ್ತು ವರ್ಷದ ಉದ್ದನೆಯ ಹುಡುಗಿ, ಕಾಲು ನೆಲಕ್ಕೆ ಬಡಿಯುತ್ತಿದ್ದವು. ಇಬ್ಬರೂ ಅತ್ತೆವು.

ಮೂರನೇ ವಾರ ಸಾಲೆಯ ಹೆಡ್‌ಮಾಸ್ತರರು ಮನೆಗೆ ಬಂದರು. ಒಳ್ಳೆಯ ಮನುಷ್ಯ, ಮೆಲ್ಲಗೆ ಮಾತಾಡುತ್ತಾರೆ. "ಕುರುಡ ಮಕ್ಕಳ ವಸತಿಶಾಲಿ ಐತ್ರಿ, ದೂರ ಐತಿ ಖರೆ, ಆದ್ರ ಹುಡುಗಿ ವರ್ಷ ಹಾಳಾಗೂದಿಲ್ಲ. ನಾ ಅರ್ಜಿ ತರಸ್ತೇನಿ" ಎಂದರು. ನನ್ನ ಗಂಡ ಸೋಮವಾರ ಹೇಳುತ್ತೇನೆ ಎಂದರು. ಮಾಸ್ತರರು ಹೋದ ಮೇಲೆ ಮಶೀನಿನ ಮುಂದೆ ಕೂತು ನೋಡುತ್ತೇನೆ, ತೋಳನ್ನು ಕೊರಳಿಗೆ ಜೋಡಿಸಿ ಹೊಲಿದುಬಿಟ್ಟಿದ್ದೆ. ಕಣ್ಣು ಚೆನ್ನಾಗಿರುವ ಮಗಳನ್ನು ಕುರುಡರ ಸಾಲೆಗೆ ಕಳಿಸಬೇಕೇ? ಕಳಿಸದಿದ್ದರೆ ಹೀಗೇ ಗೋಡೆ ತಡವುತ್ತ ಬೆಳೆಯಬೇಕೇ?

ಅಷ್ಟರಲ್ಲಿ ಅವಳು ಆ ಕಡೆಯಿಂದ ಬಂದಳು. ದಿನಾಲು ಜಗುಲಿಗೆ ಕೈಮುಗಿಯಲು ಹೋಗುತ್ತಿದ್ದಳು, ಕಣ್ಣು ಹೋದ ಮೇಲೂ ಬಿಟ್ಟಿರಲಿಲ್ಲ. ನನ್ನ ತಲೆ ಎಲ್ಲೋ ಇತ್ತು. ನಾಲಿಗೆ ಮಾತ್ರ ತನ್ನ ರೂಢಿಯಂತೆ ಕೇಳಿಬಿಟ್ಟಿತು:

"ಆ ಮನ್ಯಾಗ ಏನ್ ಮಾಡ್ಯಾರ?"

"ನಂಗ ಕಾಣ್ಸೂದಿಲ್ಲಲ್ಲವ್ವ!" ಎಂದಳು. "ನಾ ಏನೂ ನೋಡಿಲ್ಲ."

ಅದನ್ನು ಅವಳು ಹೇಳಿದ ರೀತಿ! ದುಃಖವಿಲ್ಲ, ಬೇಸರವಿಲ್ಲ. ಸಾಲೆಗೆ ರಜೆ ಎಂದು ಹೇಳುವ ಹುಡುಗಿಯ ದನಿ. ಹೇಳಿ, ಗೋಡೆ ಹಿಡಿದುಕೊಂಡು ಹಗುರಾಗಿ ಒಳಗೆ ಹೋದಳು. ನನ್ನ ಕಾಲು ಪೆಡಲಿನ ಮೇಲೆಯೇ ನಿಂತುಹೋಯಿತು. ಆ ಭಾನುವಾರ, ಮಾವನ ಆಣೆ, ನಾನು ದೊಡ್ಡದು ಮಾಡಿದ ನನ್ನ ಕಣ್ಣು, ಎಲ್ಲ ಒಂದೇ ಸಲಕ್ಕೆ ಎದುರಿಗೆ ಬಂದು ನಿಂತವು. ಭಾರ ಯಾವುದು ಹುಡುಕಿ ಎಂದಿದ್ದರು ಡಾಕ್ಟರರು. ಭಾರ ಮಶೀನಿನ ಮುಂದೆ ಕೂತಿತ್ತು.

ಎದ್ದೆ. ಇನ್ನು ಸ್ವಲ್ಪ ಹೊತ್ತು ಕೂತರೆ ನನ್ನ ಅಹಂಕಾರ ನನ್ನನ್ನು ಏಳಗೊಡುವುದಿಲ್ಲ ಎಂದು ನನಗೆ ಗೊತ್ತಿತ್ತು. ಹುಡುಗಿಯ ಕೈ ಹಿಡಿದುಕೊಂಡು ಆ ಬಾಗಿಲು ದಾಟಿದೆ. ಎರಡು ವರ್ಷದಲ್ಲಿ ಜಗುಲಿಯಾಚೆ ನಾನು ಕಾಲಿಟ್ಟದ್ದು ಅದೇ ಮೊದಲು. ನೆಗೆಣ್ಣಿ ರೊಟ್ಟಿ ಬಡಿಯುತ್ತಿದ್ದಳು, ನನ್ನನ್ನು ನೋಡಿ ಕೈ ಹಿಟ್ಟಿನ ಮೇಲೆಯೇ ನಿಂತಿತು. ಅತ್ತೆ ಮೂಲೆಯಲ್ಲಿ ಬತ್ತಿ ಹೊಸೆಯುತ್ತಿದ್ದರು. ಹುಡುಗಿಯನ್ನು ಹೊಸ್ತಿಲ ಹತ್ತಿರ ನಿಲ್ಲಿಸಿ, ಕುತ್ತಿಗೆಗೆ ಬಂದ ಮಾತನ್ನು ಒಂದೇ ಉಸಿರಿಗೆ ಕಕ್ಕಿದೆ.

"ಅವತ್ತ ನಾ ಹೇಳಿದ್ದ ಸುಳ್ಳ. ತಂಗಳ ಅಂತ ಹುಡುಗಿ ಅಂದಿದ್ದಿಲ್ಲ, ಅದು ನಾ ಸೇರಿಸಿದ್ದ. ಆಕಿದೇನೂ ತಪ್ಪಿಲ್ಲ. ತಪ್ಪ ನಂದ."

"ನಂಗ ಕಟಕ ರೊಟ್ಟಿನ ಸೇರ್ತೈತಿ ಅಂತ ಮೂವತ್ತ ವರ್ಷದಿಂದ ಬಡಕೋತೇನಿ" ಎಂದರು ಅತ್ತೆ ಮೂಲೆಯಿಂದ.

"ಮತ್ತ ಅವತ್ತ ಯಾಕ ಸುಮ್ಮ ಕುಂತಿದ್ರಿ?"

"ನನ್ನ ಯಾರ ಕೇಳಿದ್ರು?" ಎಂದು ಮುದುಕಿ ಬತ್ತಿ ಹೊಸೆಯಲು ತೊಡಗಿದರು. ಹೌದು, ಮೂವರು ಹಿರಿಯರು, ಎರಡು ಒಲೆಯ ಭಜಿ, ಉಣ್ಣುವವರನ್ನೇ ಯಾರೂ ಕೇಳಿರಲಿಲ್ಲ.

ನೆಗೆಣ್ಣಿ ಏನೋ ಚುಚ್ಚಿ ಮಾತಾಡುತ್ತಾಳೆ, ನಾನು ಅದಕ್ಕೆ ಉತ್ತರ ಕೊಡಬಾರದು ಎಂದು ಹಲ್ಲು ಕಚ್ಚಿ ನಿಂತಿದ್ದೆ. ಆದರೆ ಅವಳು ಸೆರಗು ಬಾಯಿಗೆ ಒತ್ತಿಕೊಂಡು ಬಿಕ್ಕಿದಳು.

"ಅಕ್ಕಾ, ನಾನೂ ಆಕಿನ್ನ ಬಿಟ್ಟಿಲ್ರಿ. ನಿಮ್ಮವ್ವ ನಂಗ ಏನಂತಾಳ, ಏನಂತಾಳ ಅಂತ ದಿನಾ ಜಡಿ ಹಾಕೂ ಮುಂದ ಕೇಳ್ತಿದ್ದೆ. ಆಕಿ ಹೇಳಾಕಿ, ಅವ್ವ ನಿನ್ನ ಎಣಗಾಯಿ ಭಾಳ ಚೊಲೋ ಆಗ್ತೈತಿ ಅಂದ್ಲು, ಅವ್ವ ನಿನ್ನಷ್ಟ ತೆಳ್ಳಗ ರೊಟ್ಟಿ ಯಾರೂ ಬಡಿಯೂದಿಲ್ಲ ಅಂದ್ಲು, ಅಂತ. ನಾ ಅದನ್ನ ನಂಬಿದ್ದೆ. ಅವತ್ತ ಹಿರೇರು ಎದ್ದ ಹೋದ ಮ್ಯಾಲ ಆಕಿನ್ನ ಒಳಗ ಎಳಕೊಂಡ, ಹಂಗಾರ ಇಷ್ಟ ದಿನಾ ಹೇಳಿದ್ದೆಲ್ಲಾ ಸುಳ್ಳೇನ, ಸುಳ್ಳ ಹೇಳಿದ್ರ ಕಣ್ಣ ಹೋಗ್ತಾವ ನೋಡ ಅಂದ್ಬಿಟ್ಟೆ. ಮುಂಜಾನಿ ಎದ್ದ ನೋಡಿದ್ರ..."

ನಾನು ಸೆರಗಿನಿಂದ ಮುಖ ಒರೆಸಿಕೊಂಡೆ, ಒರೆಸಿದ ಮೇಲೂ ಬೆವರು ಬಂತು. ನನಗೆ ಅವಳು ತಂದದ್ದು ಬರೀ ಕಂಡದ್ದು. ಅತ್ತ ಒಯ್ದದ್ದು ನಾನು ಎಂದೂ ಹೇಳದ ಒಳ್ಳೆಯ ಮಾತುಗಳು. ಎರಡು ವರ್ಷ ದಿನಾಲು ಒಂದೊಂದು ಹೊಸದು ಹುಟ್ಟಿಸಿ ಒಯ್ದಿದ್ದಾಳೆ. ನಾವು ಗೋಡೆ ಕಟ್ಟಿ ಕೂತಿದ್ದೆವು, ಈ ಪೋರಿ ನಮ್ಮಿಬ್ಬರನ್ನೂ ಒಬ್ಬಳೇ ಹೊತ್ತುಕೊಂಡಿದ್ದಳು.

ಹೊಸ್ತಿಲ ಕಡೆ ತಿರುಗಿದೆ. ಹುಡುಗಿ ಚೌಕಟ್ಟು ಹಿಡಿದು, ಕುತ್ತಿಗೆಯನ್ನು ಭುಜದೊಳಗೆ ಎಳೆದುಕೊಂಡು, ಇನ್ನೊಂದು ಕಪಾಳಕ್ಕೆ ತಯಾರಾಗಿ ನಿಂತಿದ್ದಳು.

ಖರೆ ಹೇಳಿ ಹಗುರಾಗಬೇಕೆಂದು ಬಂದಿದ್ದೆ ನಾನು.

"ಸುಳ್ಳ ಯಾಕ ಆಗ್ತೈತಿ?" ಎಂದೆ ನೆಗೆಣ್ಣಿಗೆ, ಹುಡುಗಿಗೆ ಕೇಳುವಷ್ಟು ಜೋರಾಗಿ. "ನಾನ ಅಂದಿದ್ದೆ."

ನೆಗೆಣ್ಣಿ ನನ್ನ ಮುಖ ನೋಡಿದಳು. ಅವಳೇನು ದಡ್ಡಿಯೇ? ಎಲ್ಲ ತಿಳಿಯಿತು ಅವಳಿಗೆ. ಆದರೂ, "ಎಣಗಾಯಿದ?" ಎಂದು ಕೇಳಿದಳು, ಬಿಡಲಿಲ್ಲ.

"ಎಣಗಾಯಿದ" ಎಂದೆ. ಹಲ್ಲು ಕೀಳಿಸಿಕೊಂಡಂತಾಯಿತು. "ರೊಟ್ಟಿದೂ ಅಂದಿದ್ದೆ. ಮತ್ತ ಆ ನಿನ್ನ ಅಗಸಿ ಹಿಂಡಿ... ಅದನ್ನೂ ಅಂದಿರಬೇಕ."

"ಹಿಂಡಿದ ನಾ ಹೇಳಿದ್ದಿಲ್ಲ" ಎಂದಿತು ಹೊಸ್ತಿಲಿನಿಂದ ಸಣ್ಣ ದನಿ.

"ನೀ ಮರತಿರಬೇಕ. ನಾ ಅಂದಿದ್ದೆ."

ಹುಡುಗಿಯ ಕುತ್ತಿಗೆ ಮೆಲ್ಲಗೆ ಭುಜದಿಂದ ಮೇಲೆ ಬಂತು. ಮೂರು ವಾರ ನನ್ನ ಕಿವಿಯಾಚೆ ಎಲ್ಲೋ ನೆಟ್ಟಿದ್ದ ನೋಟ ಈಚೆ ಸರಿಯಿತು. ತಡೆದು ತಡೆದು ನನ್ನ ಮುಖದ ಮೇಲೆ ಬಂದು ನಿಂತಿತು. ಹುಬ್ಬು ಗಂಟಿಕ್ಕಿ ನೋಡಿದಳು.

"ಅವ್ವಾ, ನಿನ್ನ ಟಿಕಳಿ ಮೂಗಿನ ಮ್ಯಾಲ ಇಳದೈತಿ."

ನೆಗೆಣ್ಣಿಯ ಕೈ ನನ್ನ ಮೊಣಕೈಯನ್ನು ಗಟ್ಟಿಯಾಗಿ ಹಿಡಿಯಿತು. ಕಾಣ್ತೈತೇನ, ಕಾಣ್ತೈತೇನ ಎಂದು ಕೂಗಬೇಕು, ಓಣಿಯನ್ನೆಲ್ಲ ಕರೆಯಬೇಕು, ಅವಳನ್ನು ಎತ್ತಿ ಕುಣಿಯಬೇಕು ಅನಿಸಿತು. ಕೇಳಬ್ಯಾಡ್ರಿ ಎಂದಿದ್ದರು ಡಾಕ್ಟರರು. ಅಲ್ಲೇ ಅವಳ ಮುಂದೆ ಕುಕ್ಕರಿಸಿ ಕೂತು, ಬೆರಳಿನಿಂದ ಮೂಗು ಒರೆಸಿಕೊಂಡೆ.

"ಹೋತೇನ?"

"ಇಲ್ಲ, ಇನ್ನ ಸ್ವಲ್ಪ ಎಡಕ್ಕ" ಎಂದು ತನ್ನ ಬೆರಳಿನಿಂದಲೇ ಅದನ್ನು ತೆಗೆದು, ಹಣೆಯ ನಡುವೆ ಸರಿಯಾಗಿ ಹಚ್ಚಿದಳು.